ಸಮುದ್ರದವರೆಗೆ ನಿಮ್ಮ ಸೈಕಲ್ಲು

ಏನೂಂದ್ರೆ,

ಇವತ್ತು ಮಧ್ಯಾಹ್ನ ನಾನು ದೇಶದ ಆ ತುದಿಯಿಂದ ಈ ತುದಿ ಮುಟ್ಟಿದೆ. ನಿಮ್ಮ ಸೈಕಲ್ಲಿನ ಮುಂದಿನ ಚಕ್ರ ಸಮುದ್ರದ ನೀರಿನಲ್ಲಿ ನೆನೆಯಿತು. ನೀವು ಕಣ್ಣುಮುಚ್ಚಿದ ಆಸ್ಪತ್ರೆಗಾಗಿ ದುಡ್ಡು ಕೂಡಿಸಲು ನನ್ನ ಜೊತೆ ತುಳಿದವರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ನಾನು ಸೀಟಿನಿಂದ ಇಳಿಯಲೇ ಇಲ್ಲ. ಅಳು ಬರಲಿಲ್ಲ, ಖುಷಿಯೂ ಆಗಲಿಲ್ಲ. ಕಾಲು ಇನ್ನೂ ತುಳಿಯಬೇಕು ಅನ್ನುತ್ತಿತ್ತು, ಮುಂದೆ ರಸ್ತೆಯೇ ಇರಲಿಲ್ಲ.

ನಿಮ್ಮನ್ನು ನೋಡಿಕೊಂಡಿದ್ದ ನರ್ಸಮ್ಮ ಬಂದಿದ್ದರು. ಹ್ಯಾಂಡಲ್ಲಿಗೆ ಅಂಟಿಕೊಂಡಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕಿರುಬೆರಳನ್ನು ಚಿವುಟಿದರು.

"ಗೊತ್ತಾಗ್ತಿದ್ಯಾ?"

"ಇಲ್ಲ."

"ಜೋಮು ಹಿಡಿದಿದೆ. ದೂರ ತುಳಿದವರಿಗೆಲ್ಲ ಹೀಗೇ. ಸ್ವಲ್ಪ ದಿನ ಬಿಟ್ಟು ಸರಿಹೋಗುತ್ತೆ, ಗಾಬರಿ ಆಗ್ಬೇಡಿ."

ಗಾಬರಿಯೂ ಆಗಿರಲಿಲ್ಲ. ಈ ಸಮುದ್ರಕ್ಕೆ ಸೈಕಲ್ಲಿನಲ್ಲೇ ಹೋಗೋಣ ಬಾ ಎಂದು ನೀವು ಪ್ರತಿ ವರ್ಷ ಕರೆಯುತ್ತಿದ್ದಿರಿ. ಆಮೇಲೆ ಆಸ್ಪತ್ರೆ ಬಂತು.

"ತಲುಪಿದ್ರಿ ಅಂತ ಮನೆಯವರಿಗೆ ಹೇಳ್ಬೇಕಲ್ಲ, ನಂಬರ್ ಹೇಳಿ," ಎಂದು ನರ್ಸಮ್ಮ ತಮ್ಮ ಫೋನ್ ತೆಗೆದರು. ಬಾಯಿಗೆ ಬಂದದ್ದು ನಿಮ್ಮ ನಂಬರು. ಅವರು ಒತ್ತಿ ನನ್ನ ಕಿವಿಗೆ ಹಿಡಿದರು. ನೀವು ಹೋದ ಮೇಲೆ ಫೋನ್ ಕಂಪನಿಯವರು ಅದನ್ನು ಬೇರೆ ಯಾರಿಗೋ ಕೊಟ್ಟಿದ್ದಾರೆ. ಗುರುತಿಲ್ಲದ ಗಂಡಸೊಬ್ಬ ಎತ್ತಿಕೊಂಡ.

"ಹಲೋ, ಯಾರು?"

"ನಾನು. ತಲುಪಿದೆ," ಎಂದೆ.



"ಒಳ್ಳೇದಾಯ್ತಮ್ಮ. ಮೊದಲು ಏನಾದ್ರೂ ತಿನ್ನಿ," ಎಂದ.

"ಹ್ಞೂಂ ರೀ," ಎಂದೆ.