ಆಂಪ್ಲಿಫೈಯರಿಗೆ ಹಾಕಿದ ಮಾಲೆ

ಮೋಕ್ಷಿತಾನ ಅಪ್ಪಾ,

ಆಂಪ್ಲಿಫೈಯರ್ ಹಾಳಾಗಲಿಲ್ಲ, ಮಂಗಳೂರಿಗೆ ಹೊತ್ತುಕೊಂಡು ಹೋಗುವುದು ಬೇಡ. ನಿನ್ನೆ ಭಜನೆಯ ನಡುವೆ ಕೆಂಪು ಲೈಟ್ ಬಂದು ಸ್ವರ ನಿಂತದ್ದು ಒಳಗೆ ಬಿಸಿ ಏರಿ, ಅಷ್ಟೇ. ಮುಚ್ಚಳ ಬಿಚ್ಚಿ ನೋಡಿದೆ. ಆಯುಧಪೂಜೆಗೆ ನೀವು ಹಾಕಿದ ಮಾಲೆಯ ಎಸಳೆಲ್ಲ ಫ್ಯಾನಿನಲ್ಲಿ ಸಿಕ್ಕಿಕೊಂಡಿತ್ತು. ಗಾಳಿ ಹೋಗುವ ಜಾಲರಿಗೆ ಗಂಧ ಬೇರೆ! ಎಂತ ಭಕ್ತಿ ಮಾರಾಯ್ರೆ. ಮೋಕ್ಷಿತಾನ ಪೈಂಟಿಂಗ್ ಬ್ರಶ್ಶಿನಲ್ಲಿ ಎಲ್ಲ ತೆಗೆದಿದ್ದೇನೆ. ಬೆಳಿಗ್ಗೆಯಿಂದ ಓಡಿಸಿದೆ, ಒಮ್ಮೆಯೂ ನಿಲ್ಲಲಿಲ್ಲ.

ಸಂಜೆ ಮೀಂಜದ ಮದುವೆಮನೆಯ ಮದರಂಗಿಗೆ ಅದನ್ನೇ ಕೊಂಡುಹೋಗಿ. ಧೂಳಾಗುತ್ತದೆಂದು ಮೇಲೆ ಟವೆಲ್ ಹೊದೆಸಬೇಡಿ. ಬೇರೆಯವರ ಸೌಂಡ್ ಸೆಟ್ಟಿಗೆ ಫೋನ್ ಮಾಡಿದಿರೋ, ಮತ್ತೆ ನನ್ನ ಹತ್ತಿರ ಮಾತಾಡಬೇಡಿ.

ಗಂಜಿ, ಚಟ್ನಿ ಮುಚ್ಚಿಟ್ಟಿದ್ದೇನೆ.

ಮುಂದಿನ ವರ್ಷ ಆಂಪ್ಲಿಫೈಯರಿಗೆ ಒಂದು ಬೊಟ್ಟು ಗಂಧ ಸಾಕು. ಹೂವು ನನಗೆ ತನ್ನಿ. ನನ್ನ ತಲೆಯಲ್ಲಿ ಫ್ಯಾನಿಲ್ಲ.

ಭವ್ಯಶ್ರೀ