ಎರಡು ಗೆರೆಯಲ್ಲಿ ಮೂರು ಗೆರೆ ಕಳೆಯುವುದು

ತಾಂಡವಪುರ
ತಾ. 19-1-1999

ಪ್ರೀತಿಯ ಅಣ್ಣನಿಗೆ, ನಿನ್ನ ತಂಗಿ ಕವನ ತಲೆ ತಗ್ಗಿಸಿ ಮಾಡುವ ನಮಸ್ಕಾರ.

ನಿನ್ನ ಮಂಡಿನೋವು ಈಗ ಹೇಗಿದೆ? ಆ ಚಳಿಯಲ್ಲಿ ಪಹರೆ ನಿಲ್ಲುತ್ತೀಯಲ್ಲ ಎಂದು ಅವ್ವ ಕೊರಗುತ್ತಾಳೆ. ಮಿಲಿಟರಿಯವರು ಉಣ್ಣೆಯ ಕಾಲುಚೀಲ ಕೊಡುತ್ತಾರೋ ಇಲ್ಲವೋ ಬರೆ. ಇಲ್ಲಿ ಅವ್ವ, ಅತ್ತಿಗೆ, ನಾನು ಚೆನ್ನಾಗಿದ್ದೇವೆ. ಕರೀ ಆಡು ಎರಡು ಮರಿ ಹಾಕಿದೆ. ಒಂದನ್ನು ಅತ್ತಿಗೆ ಸಿದ್ಧಾರ್ಥ ಎಂದು ನಿನ್ನ ಹೆಸರಿನಲ್ಲೇ ಕರೆಯುತ್ತಾಳೆ, ಅವ್ವನಿಗೆ ಕೇಳಿಸದ ಹಾಗೆ.

ನಂಜನಗೂಡಿನ ಬಟ್ಟೆ ಫ್ಯಾಕ್ಟರಿಯಲ್ಲಿ ಕಟಿಂಗ್ ಕೆಲಸಕ್ಕೆ ಒಬ್ಬಳನ್ನು ತೆಗೆದುಕೊಳ್ಳುತ್ತಾರೆಂದು ಬರೆದಿದ್ದೆನಲ್ಲ, ಅದು ನನಗೆ ಸಿಕ್ಕಿತು. ಸೋಮವಾರ ಸೇರಬೇಕು. ಅತ್ತಿಗೆಗೆ ಸಿಗಲಿಲ್ಲ. ನೀವಿಬ್ಬರೂ ಪರೀಕ್ಷೆಗೆ ಹೋಗಿ ಬನ್ನಿ, ಅವಳು ನಾಲ್ಕನೇ ಕ್ಲಾಸಿಗೇ ಬಿಟ್ಟವಳು, ಭಿನ್ನರಾಶಿ ಕಳೆಯುವುದನ್ನು ನೀನೇ ಕಲಿಸು ಎಂದು ನಿನ್ನ ಕಾಗದದಲ್ಲಿ ಬರೆದಿದ್ದೆ. ನಾನು ಹೇಗೆ ಕಲಿಸಿದೆ ಎಂದು ಹೇಳುವುದಕ್ಕೇ ಈ ಕಾಗದ.

ಜಗುಲಿಯ ಮೇಲೆ ಅಳತೆ ಟೇಪು ಹಾಸಿಕೊಂಡು ಕೂತಿದ್ದೆವು. ಇಂಚಿಗೆ ಎಂಟು ಗೆರೆ, ಕಾಲಿಂಚೆಂದರೆ ಎರಡು ಗೆರೆ, ಅರ್ಧವೆಂದರೆ ನಾಲ್ಕು, ಎಲ್ಲವನ್ನೂ ಮೊದಲು ಗೆರೆಗೆ ತಂದುಕೊಂಡು ಆಮೇಲೆ ಕಳೆ ಎಂದು ನೀನು ನನಗೆ ಹೇಳಿಕೊಟ್ಟ ಹಾಗೆಯೇ ಹೇಳಿದೆ. ಬೇಗ ಹಿಡಿದಳು, ನನಗಿಂತ ಬೇಗ. ಒಂಬತ್ತೂಕಾಲು ಇಂಚಿನಲ್ಲಿ ಮೂರು ಇಂಚು ಮೂರು ಗೆರೆ ಕಳೆಯುವಾಗ ಮಾತ್ರ ನಿಂತಳು. "ಎರಡು ಗೆರೆ ಇರೋ ಕಡೆ ಮೂರು ಗೆರೆ ಎಂಗವ್ವ ತಗಿಯದು? ತಿರುಗ್ಸಿ ಮೂರ್ರಲ್ಲಿ ಎರಡು ಕಳೆದ್ಬುಡದಾ?" ಎಂದಳು. ಒಂಬತ್ತರಲ್ಲಿ ಒಂದು ಇಂಚನ್ನು ಒಡೆದು ಗೆರೆ ಮಾಡಿಕೊಂಡರೆ ಎಂಟೂ ಎರಡೂ ಹತ್ತು ಗೆರೆ ಆಗುತ್ತದೆ, ಕಳೆದರೆ ಐದು ಇಂಚು ಏಳು ಗೆರೆ ಉಳಿಯುತ್ತದೆ. ಇದು ನನಗೆ ನಿದ್ದೆಯಲ್ಲೂ ಬರುತ್ತದೆ. ಆದರೂ ಅಣ್ಣಾ, "ಊ ಕಣತ್ತಿಗೆ, ಅಂಗೇಯ" ಎಂದುಬಿಟ್ಟೆ.

ಅವಳಿಗೆ ನೀನಿದ್ದೀಯ. ನನಗೆ ಬೆಳಗ್ಗೆ ಎದ್ದು ಹೋಗುವುದಕ್ಕೆ ಒಂದು ಜಾಗ ಬೇಕಿತ್ತು. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ, ಅವಳಿಗೆ ಬರುತ್ತದೆ. ಲೆಕ್ಕವೂ ಬಂದರೆ ಅವಳನ್ನೇ ಆರಿಸುತ್ತಾರೆ ಎಂದು ಹೆದರಿದೆ.

ಪರೀಕ್ಷೆಯಲ್ಲಿ ಅಂಥದೇ ಲೆಕ್ಕ ಬಂತು. ಅತ್ತಿಗೆ ಎಲ್ಲರಿಗಿಂತ ಮೊದಲು, ಗಟ್ಟಿಯಾಗಿ ಉತ್ತರ ಹೇಳಿದಳು. ಸೂಪರ್‌ವೈಸರ್ ಹೆಂಗಸು ಬಟ್ಟೆ ಅಳೆದು, ಉತ್ತರ ಕಾಲಿಂಚು ಹೆಚ್ಚಾಗಿದ್ದನ್ನು ತೋರಿಸಿ, "ಇಲ್ದಿರೋ ಕಾಲಿಂಚು ಬಟ್ಟೆ ಎಲ್ಲಿಂದ ತತ್ತೀಯಮ್ಮ, ತವರುಮನೆಯಿಂದ್ಲಾ?" ಎಂದಾಗ ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಬಸ್ಸಿನಲ್ಲಿ ಅವಳೇ ನನ್ನನ್ನು ಸಮಾಧಾನ ಮಾಡಿದಳು. "ಬುಡು, ನಮ್ಮನೇಲಿ ಒಬ್ಬಳ್ಗಾದ್ರೂ ಸಿಕ್ತಲ್ಲ" ಎಂದಳು. ಮನೆಗೆ ಬಂದರೆ ಅವ್ವ, "ಅಷ್ಟ್ ಏಳಿಕೊಟ್ರೂ ತಲೆಗತ್ಲಿಲ್ವಲ್ಲ, ಅದೇನ್ ತಲೆಯೋ ಸೋರೆಬುರುಡೆಯೋ" ಎಂದಳು. ಅತ್ತಿಗೆ ನನ್ನ ಮೇಲೆ ತಪ್ಪು ಹೊರಿಸಲಿಲ್ಲ. "ಕವನ ಸರ್ಯಾಗೇ ಏಳಿರ್ತಾಳೆ ಕಣತ್ತೆ, ನಾನೇ ಎಲ್ಲೋ ಮರ್ತಿರ್ತೀನಿ" ಎಂದಳು. ಅವಳು ಅದನ್ನೇ ನಂಬಿದ್ದಾಳೆ. ಮುಂದಿನ ತಿಂಗಳು ಫ್ಯಾಕ್ಟರಿಯವರು ಇನ್ನೊಬ್ಬಳನ್ನು ತೆಗೆದುಕೊಳ್ಳುತ್ತಾರಂತೆ. ಹೋಗೋಣ ಬಾ ಎಂದರೆ, ನನ್ನ ತಲೆ ಲೆಕ್ಕಕ್ಕೆ ಆಗಿಬರುವುದಿಲ್ಲ ಎಂದು ಸೊಪ್ಪು ಸೋಸುತ್ತಾ ಕೂರುತ್ತಾಳೆ. ಅವಳ ಎದುರು ಕೂತು ಉಣ್ಣುವುದನ್ನು ಬಿಟ್ಟಿದ್ದೇನೆ.

ನಿನಗೆ ಅವ್ವನ ಆಶೀರ್ವಾದ. ನಿನ್ನ ಜೊತೆಯವರಿಗೂ ನಮಸ್ಕಾರ ತಿಳಿಸು. ಮೈ ಜೋಪಾನ.

ನಿನ್ನ ತಂಗಿ,
ಕವನ

ಮತ್ತೆ: ನಾನು ಮಾಡಿದ್ದನ್ನು ಅವಳಿಗೆ ನೀನೇ ಬರೆದು ತಿಳಿಸು ಎಂದು ಕೇಳುವುದಕ್ಕೆ ಕೂತಿದ್ದೆ. ಅದು ಸರಿಯಲ್ಲ ಅನ್ನಿಸಿತು. ನಾನು ಬರೆದ ಮೇಲೆ ಪ್ರತಿ ಸಲವೂ ಅತ್ತಿಗೆ ನಿನಗೆ ತನ್ನ ನಾಲ್ಕು ಸಾಲು ಬರೆದು ಕಾಗದ ಅಂಟಿಸುತ್ತಾಳೆ. ಇವತ್ತೂ ಹಾಗೆಯೇ ಅವಳ ಕೈಗೆ ಕೊಡುತ್ತಿದ್ದೇನೆ, ಮಡಚದೆ. ಅತ್ತಿಗೆ, ನಿನ್ನ ಸಾಲು ಬರೆಯುವ ಮೊದಲು ಮೇಲಿನಿಂದ ಓದು. ನಾನು ಹಿತ್ತಲಲ್ಲಿದ್ದೇನೆ.