ಕೊರಳಿನಲ್ಲಿ ಎಸೆದ ಕಾಯಿ

ಕೊರಳುಬಾಯಿ ಊರು,
ಫೆಬ್ರವರಿ ೩೦, ೨೨೧೯

ನನಗಿಂತ ಮೊದಲು ಹುಟ್ಟಿದ ಒಂದೇ ತಪ್ಪಿಗೆ ನನ್ನಷ್ಟು ತಿಳಿವಳಿಕೆ ಇಲ್ಲದೆ ಬದುಕುತ್ತಿರುವ ಅಜ್ಜಂದಿರಿಗೂ ಅಜ್ಜಿಯರಿಗೂ ಬೀರು ಮಾವನ ನಮಸ್ಕಾರಗಳು.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ಈ ಭೂಮಿಯ ಏಳು ಸಮುದ್ರಗಳಿಗೂ ಉಬ್ಬರ ಇಳಿತ ಕಲಿಸಿದವನು ನಾನೇ. ಚಂದ್ರ ನನ್ನ ಕೈಕೆಳಗೆ ಕೆಲಸಕ್ಕಿದ್ದಾನೆ, ಅಮಾವಾಸ್ಯೆಗೆ ಅವನಿಗೆ ರಜೆ ಕೊಡುವವನೂ ನಾನೇ. ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ನಾನು ಊರಿನ ಶಾಲೆಯಲ್ಲಿ ಆರನೇ ಇಯತ್ತೆ ಮುಗಿಸಿದವನು, ಅದೂ ಮಾಸ್ತರರು ನನ್ನ ಕಾಟ ತಾಳದೆ ಮುಗಿಸಿಕೊಟ್ಟದ್ದು. ಹಾಗಾಗಿ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಈ ಪತ್ರ ನಿಮಗೆ ತಲುಪುವುದು ಹಿಂಗಾಲದ ಅಂಚೆಯಲ್ಲಿ, ಅಂದರೆ ಕಳೆದುಹೋದ ಕಾಲಕ್ಕೆ ಹೋಗುವ ಟಪಾಲಿನಲ್ಲಿ. ನಿಮ್ಮ ಕಾಲದ ಊರುಗಳ ಹೆಸರು ಬರೆದರೆ ಅಂಚೆಯವರು ಅದರ ಮೇಲೆ ಮಸಿ ಬಳಿಯುತ್ತಾರೆ. ಆದ್ದರಿಂದ ನನ್ನ ಊರಿನ ಸಂಗತಿಯನ್ನಷ್ಟೇ ಬರೆಯುತ್ತೇನೆ. ಕೊರಳಿನ ಕಾಳಗದಲ್ಲಿ ಹನ್ನೆರಡು ಲಕ್ಷ ಕಳೆದುಕೊಂಡವನ ಮಾತು ಇದು ಎಂದು ತಿಳಿದು ಓದಿ.

ಕೊರಳು ಅಂದರೆ ನಮ್ಮೂರ ಮುಂದಿನ ನೀರುದಾರಿ. ನಿಮ್ಮ ಕಾಲದಲ್ಲಿ ಅಲ್ಲಿ ಗದ್ದೆ ಇತ್ತಂತೆ. ಕಡಲು ಏರಿ ಗದ್ದೆ ಮುಳುಗಿತು, ಕೋಳಿಗುಡ್ಡವೂ ಅದರ ಬುಡದ ನಮ್ಮೂರೂ ನಡುಗಡ್ಡೆಯಾದವು, ನಮಗೂ ಎದುರಿನ ತೆಂಕಣದವರ ದಡಕ್ಕೂ ನಡುವೆ ಒಂದು ಕೂಗಳತೆಯ ಸಂದಿ ಉಳಿಯಿತು. ಗುಡ್ಡದ ಆಚೆಯ ಹೊರಗಡಲಿನಲ್ಲಿ ಹಡಗು ಹೋಗುವಂತಿಲ್ಲ. ಮುಳುಗಿದ ಪಟ್ಟಣವೊಂದರ ಕಟ್ಟಡಗಳು ನೀರಿನ ಅಡಿಯಲ್ಲಿ ಈಗಲೂ ನಿಂತಿವೆ, ಹಡಗಿನ ಹೊಟ್ಟೆ ಸೀಳುತ್ತವೆ. ಹೀಗಾಗಿ ಬಡಗಣ ನದಿಗಳ ಸಿಹಿನೀರು ತುಂಬಿಕೊಂಡು ತೆಂಕಣ ಪಟ್ಟಣಗಳಿಗೆ ಹೋಗುವ ಗಾಳಿಹಡಗುಗಳೆಲ್ಲ ಕೊರಳಿನಲ್ಲೇ ನುಸುಳಬೇಕು. ಎಣ್ಣೆ ಮುಗಿದ ಮೇಲೆ ನಾವು ಹಾಯಿಗೆ ಮರಳಿದೆವು, ಅದಕ್ಕೇ ಆ ಹೆಸರು. ಬಾವಿಗಳೆಲ್ಲ ಉಪ್ಪಾದ ಈ ಕರಾವಳಿಯಲ್ಲಿ ಬೆಳಿಗ್ಗೆ ಹಡಗಿನ ಹಾಯಿ ಕಂಡರೆ ಹೆಂಗಸರು ಕೊಡ ತೊಳೆಯಲು ಶುರುಮಾಡುತ್ತಿದ್ದರು.

ಕೊರಳಿನ ಸೆಳೆತದಲ್ಲಿ ದೋಣಿ ನಿಲ್ಲಿಸಿ ಮಾತಾಡಲು ಆಗುವುದಿಲ್ಲ. ಮಾತಾಡದೆ ಹೋದರೆ ಅವಮಾನ. ಅದಕ್ಕೆ ನಮ್ಮ ಹಿರಿಯರು ಕೈಕಾಯಿ ಎಂಬ ಪದ್ಧತಿ ಇಟ್ಟರು. ಎದುರಾದ ದೋಣಿಗೆ ಒಂದು ತೆಂಗಿನಕಾಯಿ ಎಸೆಯಬೇಕು, ಅವರೂ ಒಂದು ಎಸೆಯಬೇಕು. ಕಾಯಿ ನೀರಿಗೆ ಬಿದ್ದರೆ ನಡುವೆ ಜಾಗ ಬೇಕಾದಷ್ಟಿದೆ ಎಂದು ಅರ್ಥ. ಸಲೀಸಾಗಿ ಕೈಗೆ ಬಂದರೆ ತೀರ ಹತ್ತಿರವಾಯಿತು, ಚುಕ್ಕಾಣಿ ತಿರುಗಿಸು ಎಂದು ಅರ್ಥ. ಮಂಜಿನಲ್ಲಂತೂ ಕಣ್ಣಿಗಿಂತ ಕಾಯಿಯನ್ನೇ ನಂಬುತ್ತಿದ್ದೆವು. ಕಾಯಿ ಎಸೆಯದೆ ದಾಟಿದವನ ಮನೆಯ ಮದುವೆಗೆ ಯಾರೂ ಹೋಗುತ್ತಿರಲಿಲ್ಲ.

ಹೀಗಿರುವಾಗ ಘಟ್ಟದ ಮೇಲೆ ಕೂತು ನಮ್ಮನ್ನು ಆಳುವ ಮಂಡಳಿಯವರಿಗೆ ಒಂದು ಯೋಚನೆ ಹೊಳೆಯಿತು. ಕೊರಳು ಹಿಡಿದವನ ಮಾತನ್ನು ಇಡೀ ಕರಾವಳಿ ಕೇಳುತ್ತದೆ ಎಂದರು. ಕೋಳಿಗುಡ್ಡದ ಮೇಲೆ ಫಿರಂಗಿ ತೋಪುಗಳನ್ನು ಏರಿಸಿದರು. ಪಡೆಯ ಅಧಿಕಾರಿ ನಮ್ಮನ್ನೆಲ್ಲ ಸೇರಿಸಿ, ಇನ್ನು ಮುಂದೆ ಒಂದು ಸೀಗಡಿಯೂ ನಮ್ಮ ಅಪ್ಪಣೆಯಿಲ್ಲದೆ ಈ ದಾರಿಯಲ್ಲಿ ಹೋಗದು ಎಂದು ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನು. ತೋಪಿನ ಮೂತಿಗೆ ಚೆಂಡುಹೂವಿನ ಹಾರ ಹಾಕಲು ನನ್ನನ್ನೇ ಕರೆದರು. ಎದುರು ದಡಕ್ಕೂ ಕಾಣುವ ಹಾಗೆ ಎದೆಯುಬ್ಬಿಸಿ ಹಾಕಿದೆ.

ಆವತ್ತು ಸಂಜೆ ತುಂಗಕ್ಕನ ಚಹದಂಗಡಿಯಲ್ಲಿ ನನ್ನ ತಂಗಿಯ ಗಂಡ ಜಟ್ಟಿ ಭಾವ ಮಾತ್ರ ಮುಖ ಗಂಟಿಕ್ಕಿ ಕೂತಿದ್ದ. ಅವನು ನೀರುದೋಣಿಯವನು. ದೊಡ್ಡ ಹಡಗಿನಿಂದ ನೀರು ಇಳಿಸಿಕೊಂಡು ಎರಡೂ ದಡದ ಮನೆಗಳಿಗೆ ಹಂಚುತ್ತಿದ್ದ.

"ಬೀರು, ಹಾರ ಹಾಕೂಕೆ ಹೋಗಿದ್ಯಲ್ಲ, ಅದರ ಹೊಟ್ಟೆ ಒಳಗೆ ಎಂತದಿದೆ ಅಂತ ಬಗ್ಗಿ ನೋಡಿದ್ಯಾ?" ಎಂದ.

"ಎಂತಾ ಮಾರಾಯಾ ನೀನು! ಅದು ಹೆದರಿಸೂಕೆ ಇಟ್ಟದ್ದು. ಗದ್ದೆಗೆ ಬೆರ್ಚಪ್ಪ ನಿಲ್ಲಿಸೂದಿಲ್ವಾ, ಹಾಗೆ. ಹೊಡೂದಿಲ್ಲ ಅದು."

"ಬೆರ್ಚಪ್ಪನ ಕೈಗೆ ಯಾರೂ ಮದ್ದುಗುಂಡು ಕೊಡೂದಿಲ್ಲ."

"ಪಂದ್ಯ ಕಟ್ತ್ಯಾ?" ಎಂದೆ.

"ಕಟ್ಟು. ಸೋತ್ರೆ ಓಡಿಹೋಗೂದಲ್ಲ, ಕೈಗೆ ಕೊಡ್ಬೇಕು."

"ನಿನ್ನ ಕೈಗೇ ಕೊಡ್ತೆ," ಎಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಹೆಚ್ಚಿನವರು ನನ್ನ ಕಡೆಯೇ ಇದ್ದರು.

ಮೊದಲ ಬೇಸಿಗೆ ಚೆನ್ನಾಗಿಯೇ ಹೋಯಿತು. ಹಡಗುಗಳು ಗುಡ್ಡದ ಕೆಳಗೆ ಸಾಲುಗಟ್ಟಿ ನಿಂತು ಅಪ್ಪಣೆ ಕೇಳುವುದನ್ನು ನೋಡಿ ನಮಗೆಲ್ಲ ಒಂದೊಂದು ಗೇಣು ಎತ್ತರ ಬಂದ ಹಾಗಾಗಿತ್ತು. ಆಮೇಲೆ ತೆಂಕಣದವರು ತಮ್ಮ ಕಡೆಯ ಬಾಯಿಯಲ್ಲಿ ಕೊಂಬುಗುಂಡು ಮುಳುಗಿಸಿದರು. ಕೊಂಬು ತಾಗಿದರೆ ಸಿಡಿಯುವ ಕಬ್ಬಿಣದ ಚೆಂಡುಗಳವು, ಹಗ್ಗ ಕಟ್ಟಿ ನೀರಿನಡಿ ಬಿಟ್ಟದ್ದು. ಮಳೆಗಾಲದ ಕಡಲು ಹಗ್ಗ ಕಿತ್ತಿತು. ಆಮೇಲೆ ಅವು ಯಾವ ದಡದವರ ಮಾತನ್ನೂ ಕೇಳಲಿಲ್ಲ. ತೆಂಕಣದವರದೇ ಒಂದು ಮೀನುದೋಣಿ ಮೊದಲು ಹೋಯಿತು, ಮಾರನೇ ವಾರ ನಮ್ಮದೊಂದು. ಹಡಗಿನ ಯಜಮಾನರು ಈ ದಾರಿಯ ಸಹವಾಸವೇ ಬೇಡವೆಂದು ಮುಳುಗಿದ ಪಟ್ಟಣಕ್ಕೂ ಬಹುದೂರ ಆಚೆ ನಡುಗಡಲು ಸುತ್ತಿ ಹೋಗತೊಡಗಿದರು. ಇಡೀ ಕರಾವಳಿಯ ಕೊರಳು ಹಿಡಿಯಲು ಹೋದವರ ಕೈಯಲ್ಲಿ ಉಳಿದದ್ದು ಖಾಲಿ ನೀರು. ಆ ಖಾಲಿ ನೀರನ್ನೇ ಕಾಯಲು ಇನ್ನಷ್ಟು ತೋಪು ಬಂದವು, ಇನ್ನಷ್ಟು ಪಡೆ ಬಂತು. ತುಂಗಕ್ಕ ಚಹಕ್ಕೆ ಸಿಹಿನೀರಿಲ್ಲದೆ ಅಂಗಡಿ ಮುಚ್ಚಿದಳು. ಜಟ್ಟಿ ಭಾವ ಮಾತ್ರ ಮೇಲಿನ ಹಳ್ಳದಿಂದ ನೀರು ತುಂಬಿಕೊಂಡು ದಿನಾ ಬೆಳಿಗ್ಗೆ ಕೊರಳು ದಾಟುತ್ತಿದ್ದ. ಎರಡೂ ದಡದ ಮಕ್ಕಳ ಬಾಯಿಗೆ ಬೀಳುತ್ತಿದ್ದದ್ದು ಅವನು ತಂದ ನೀರೇ.

"ಸ್ವಲ್ಪ ದಿನ ನಿಲ್ಸು ಭಾವ," ಎಂದೆ ಒಮ್ಮೆ.

"ಯಾಕೆ? ಹೊಡೂದಿಲ್ಲ ಅಂದವನು ನೀನೇ ಅಲ್ವಾ?" ಎಂದು ನನ್ನ ಬೆನ್ನಿಗೆ ಗುದ್ದಿ ದೋಣಿ ನೂಕಿದ.

ಆ ಮಾಘದಲ್ಲಿ ಘಟ್ಟದ ಮೇಲಿನಿಂದ ಹೊಸ ಸಿಪಾಯಿಗಳು ಬಂದರು. ಕೆರೆಗಿಂತ ದೊಡ್ಡ ನೀರು ನೋಡದ ಹುಡುಗರು. ಗಸ್ತುದೋಣಿಯಲ್ಲಿ ಕೂತರೆ ವಾಂತಿ ಮಾಡುತ್ತಿದ್ದರು, ಕೊಂಬುಗುಂಡಿನ ಕತೆ ಕೇಳಿ ನಿದ್ದೆ ಬಿಟ್ಟಿದ್ದರು. ನಮ್ಮ ಪದ್ಧತಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ನಮಗೂ ತೋಚಿರಲಿಲ್ಲ. ಉಸಿರಾಡುವುದು ಹೇಗೆ ಎಂದು ಬಂದವರಿಗೆ ಯಾರು ಹೇಳಿಕೊಡುತ್ತಾರೆ? ಒಂದು ಬೆಳಿಗ್ಗೆ ದಟ್ಟ ಮಂಜು. ಜಟ್ಟಿ ಭಾವನ ದೋಣಿಗೆ ಗಸ್ತುದೋಣಿ ಎದುರಾಯಿತು. ಅವನು ಎಂದಿನಂತೆ "ಓ ಭಾವಾ!" ಎಂದು ಕೂಗಿ ಕಾಯಿ ಎಸೆದ. ಗುರುತಿಲ್ಲದವರನ್ನೂ ಅವನು ಹಾಗೆಯೇ ಕೂಗುತ್ತಿದ್ದ. ಮಂಜಿನೊಳಗಿನಿಂದ ಕಪ್ಪನೆಯ ದುಂಡನೆಯ ವಸ್ತುವೊಂದು ತಮ್ಮ ಮೇಲೆ ಹಾರಿ ಬರುವುದನ್ನು ಆ ಹುಡುಗರು ಕಂಡರು. ಹೊಡೆದರು.

ಆ ಸದ್ದಿಗೆ ಗುಡ್ಡದ ತೋಪುಗಳು ಎದುರು ದಡಕ್ಕೆ ಹೊಡೆದವು. ಎದುರು ದಡದವರು ಗುಡ್ಡಕ್ಕೆ ಹೊಡೆದರು. ಮಂಜಿನಲ್ಲಿ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಮಧ್ಯಾಹ್ನ ಮಂಜು ಹರಿದಾಗ ಎರಡೂ ಕಡೆಯ ಗಸ್ತುಹಡಗುಗಳು ಕೊರಳಿಗೆ ಅಡ್ಡ ಮುಳುಗಿದ್ದವು, ನಮ್ಮ ಕೇರಿ ಉರಿಯುತ್ತಿತ್ತು. ನೀರಿನ ಮೇಲೆ ಒಡೆಯದ ಒಂದು ತೆಂಗಿನಕಾಯಿ ತೇಲಿ ನಮ್ಮ ದಡಕ್ಕೆ ಬಂತು. ಅದನ್ನು ಎತ್ತಿಕೊಂಡವಳು ಜಟ್ಟಿ ಭಾವನ ಮಗಳು ತುಳಸು.

ಇದೆಲ್ಲ ಆಗಿ ಬಹಳ ವರ್ಷವಾಯಿತು. ಮುಳುಗಿದ ಹಡಗುಗಳನ್ನು ಈ ವರ್ಷ ಎಳೆದು ತೆಗೆದರು. ಕೊರಳು ಮತ್ತೆ ತೆರೆದಿದೆ, ನೀರುದೋಣಿ ಈಗ ತುಳಸುವಿನದು. ನಿನ್ನೆ ಕೋಳಿಗುಡ್ಡದ ಮೇಲೆ ಹೊಸ ತೋಪು ಎಳೆಯುತ್ತಿದ್ದರು. ಕೆಳಗೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಹಿರಿಯರು ನೀವು, ಬನ್ನಿ ಎಂದು ನನ್ನ ಕೈಗೆ ಹಾರ ಕೊಡಲು ಬಂದರು. ಕಾಲುನೋವು ಎಂದು ಸುಳ್ಳು ಹೇಳಿ ಮನೆಗೆ ಬಂದು ಇದನ್ನು ಬರೆಯಲು ಕೂತೆ. ನಾಳೆ ಬೆಳಿಗ್ಗೆ ತುಳಸು ದಾಟಬೇಕು. ಕಾಯಿ ಎಸೆಯಬೇಡ ಮಗಾ ಎಂದರೆ, "ಎಸೀದೆ ಹೋದ್ರೆ ಮಂಜಿನಲ್ಲಿ ಹಾಯೂದು ಹೇಗೆ ಮಾವ?" ಎನ್ನುತ್ತಾಳೆ.

ನಿಮ್ಮ ಕಾಲದಲ್ಲೂ ಇಂಥ ಸಂದಿಗಳಿವೆ, ಅವುಗಳ ಪಕ್ಕದಲ್ಲಿ ಗುಡ್ಡಗಳಿವೆ, ಗುಡ್ಡ ತೋರಿಸಿ ಭಾಷಣ ಮಾಡುವವರಿದ್ದಾರೆ ಎಂದು ಕೇಳಿದ್ದೇನೆ. ನನ್ನದೊಂದೇ ಬೇಡಿಕೆ. ತೋಪಿಗೆ ಹಾರ ಹಾಕಲು ಕರೆದರೆ ಹೋಗಬೇಡಿ. ಅದು ಬರೀ ಹೆದರಿಸಲು ಇಟ್ಟದ್ದು ಎಂದು ನನ್ನಂಥವನೊಬ್ಬ ಚಹದಂಗಡಿಯಲ್ಲಿ ಹೇಳುತ್ತಾನೆ, ನಗುನಗುತ್ತಾ ಹೇಳುತ್ತಾನೆ. ಅವನ ಮಾತು ನಂಬಬೇಡಿ.

ಹನ್ನೆರಡು ಲಕ್ಷ ಎಂದು ಮೇಲೆ ಬರೆದೆನಲ್ಲ, ಅಷ್ಟು ದುಡ್ಡು ನಾನು ಕಣ್ಣಿನಿಂದಲೂ ನೋಡಿದವನಲ್ಲ. ಕಾಳಗದಲ್ಲಿ ನಾನು ಸೋತದ್ದು ಜಟ್ಟಿ ಭಾವನ ಪಂದ್ಯವೊಂದೇ. ತುಳಸುವಿಗೆ ಕೊಡಲು ಹೋದೆ. "ಅಪ್ಪನ ಕೈಗೇ ಕೊಡ್ತೆ ಅಂದಿದ್ಯಲ್ಲ ಮಾವ, ಇಟ್ಕೊ," ಎಂದಳು. ಇಟ್ಟುಕೊಂಡಿದ್ದೇನೆ. ಇಪ್ಪತ್ತೈದು ರೂಪಾಯಿ.